ಅಳತೆ ಸರಿಹೋಗುವ ದಿನ: ನ್ಯಾಯತೀರ್ಪಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಆಚೀಚೆ ಹಳ್ಳಿಗಳಲ್ಲಿ ಸಂಡೇ ಸ್ಕೂಲ್ ಪಾಠ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿದೆ. ನಾನು ಸಭಾಪಾಲಕನಲ್ಲ. ವಾರವೆಲ್ಲ ಅಡಿಕೆ ತೋಟ, ಭಾನುವಾರ ಮಕ್ಕಳು. ಆದರೂ ಜನ ಕೇಳುತ್ತಾರೆ. ಪಾಠ ಮುಗಿದ ಮೇಲೆ ಕೇಳುತ್ತಾರೆ, ಬಸ್ಸಿಗೆ ಕಾಯುವಾಗ ಕೇಳುತ್ತಾರೆ, ಸಾವಿನ ಮನೆಯ ಜಗಲಿಯಲ್ಲಿ ಕೂತು ಕೇಳುತ್ತಾರೆ. ಕೆಲವರು ಕಾಗದ ಬರೆದಿದ್ದಾರೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ನಮ್ಮದು ಪ್ರಾಟೆಸ್ಟೆಂಟ್ ಮನೆ. ಕಥೋಲಿಕರು ಬೇರೆ ಹೇಳುವ ಕಡೆ ಅದನ್ನೂ ಹೇಳಿದ್ದೇನೆ.

## ಮೊದಮೊದಲು ಕೇಳುವವು

ನ್ಯಾಯತೀರ್ಪಿನ ದಿನ ಅಂದ್ರೆ ಏನು ಸಾರ್? ಸುಮ್ನೆ ಒಂದೇ ಮಾತಲ್ಲಿ ಹೇಳಿ.

ಯೇಸು ಕ್ರಿಸ್ತನು ಮತ್ತೆ ಬರುತ್ತಾನೆ, ಸತ್ತವರು ಏಳುತ್ತಾರೆ, ಎಲ್ಲರ ಬದುಕೂ ಆತನ ಮುಂದೆ ಬಿಚ್ಚಿಕೊಳ್ಳುತ್ತದೆ, ಆತನ ಮಾತೇ ಕೊನೆಯ ಮಾತು. ಇಷ್ಟೇ.

ಇದು ಯಾವುದೋ ಒಂದು ಪಂಗಡ ಹುಟ್ಟುಹಾಕಿದ ಮಾತಲ್ಲ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಸಭೆ ಬರೆದ ವಿಶ್ವಾಸ ಪ್ರಮಾಣದಲ್ಲೇ, ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಆತನು ಬರುತ್ತಾನೆ ಎಂದಿದೆ. ಶಿವಮೊಗ್ಗದಲ್ಲಿ ಕಥೋಲಿಕರ ಪವಿತ್ರ ಹೃದಯ ಪ್ರಧಾನ ದೇವಾಲಯದಲ್ಲಿ ಭಾನುವಾರ ಹೇಳುವುದೂ ಇದನ್ನೇ, ನಮ್ಮ ಹೆಂಚಿನ ಚರ್ಚಿನಲ್ಲಿ ಮೂವತ್ತು ಜನ ನಿಂತು ಹೇಳುವುದೂ ಇದನ್ನೇ. ಉಳಿದ ಎಷ್ಟೋ ವಿಷಯಕ್ಕೆ ನಮ್ಮಲ್ಲಿ ಜಗಳ ಇದೆ. ಈ ಸಾಲಿಗೆ ಇಲ್ಲ.

ಹಾಗಾದ್ರೆ ಇದು ಪ್ರಳಯನಾ? ಟೀವಿಯಲ್ಲಿ ಹೇಳ್ತಾರಲ್ಲ, ಅದು?

ಅಲ್ಲ. 2012ರ ಡಿಸೆಂಬರ್ 21ಕ್ಕೆ ಲೋಕ ಮುಳುಗುತ್ತದೆ ಎಂಬ ಸುದ್ದಿ ಹಬ್ಬಿದಾಗ ನಮ್ಮ ಮಕ್ಕಳು ಪಾಠಕ್ಕೆ ಬಂದು ಇದನ್ನೇ ಕೇಳಿದ್ದರು. ಪ್ರಳಯದಲ್ಲಿ ಎಲ್ಲ ಮುಗಿಯುತ್ತದೆ. ಸತ್ಯವೇದದ, ಅಂದರೆ ಬೈಬಲಿನ, ಕೊನೆಯ ಪುಸ್ತಕವಾದ ಪ್ರಕಟನೆ ಮುಗಿಯುವುದು ಹೊಸ ಆಕಾಶ, ಹೊಸ ಭೂಮಿಯ ಮಾತಿನಿಂದ. ಮನೆ ಕೆಡವುವುದಕ್ಕೂ ಮನೆ ಗುಡಿಸುವುದಕ್ಕೂ ಇರುವಷ್ಟು ವ್ಯತ್ಯಾಸ ಇಲ್ಲಿದೆ.

ನಮ್ಮ ಚಿತ್ರಗುಪ್ತನ ಲೆಕ್ಕದ ಪುಸ್ತಕದ ಹಾಗೇ ಅಲ್ವಾ ಇದು?

ನಮ್ಮ ಪಕ್ಕದ ತೋಟದ ಹೆಗಡೇರು ಕೇಳುವ ಪ್ರಶ್ನೆ ಇದು. ಒಂದು ಮಟ್ಟಿಗೆ ಹೌದು. ಪ್ರಕಟನೆ 20ರಲ್ಲಿ ದೊಡ್ಡ ಬಿಳಿ ಸಿಂಹಾಸನ ಇದೆ, ಪುಸ್ತಕಗಳು ತೆರೆಯುತ್ತವೆ, ಅವರವರ ಕೃತ್ಯದ ಪ್ರಕಾರ ತೀರ್ಪಾಗುತ್ತದೆ. ಮಾಡಿದ್ದು ಗಾಳಿಗೆ ಹೋಗುವುದಿಲ್ಲ ಎಂಬ ನಂಬಿಕೆ ಇಬ್ಬರಿಗೂ ಇದೆ. ಸಾಬರ ಮನೆಯವರಿಗೂ ಇದೆ, ಅವರು ಕಿಯಾಮತ್ ಎನ್ನುತ್ತಾರೆ.

ಬೇರೆಯಾಗುವುದು ಮೂರು ಕಡೆ. ಮತ್ತೆ ಮತ್ತೆ ಹುಟ್ಟಿ ಲೆಕ್ಕ ತೀರಿಸುವುದು ನಮ್ಮಲ್ಲಿಲ್ಲ. ಸಾಯುವುದು ಒಂದೇ ಸಾರಿ, ಆಮೇಲೆ ನ್ಯಾಯತೀರ್ಪು ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಎರಡನೆಯದು, ಅಲ್ಲಿ ಲೆಕ್ಕದ ಪುಸ್ತಕಗಳ ಜೊತೆ ಇನ್ನೊಂದು ಪುಸ್ತಕವೂ ತೆರೆಯುತ್ತದೆ. ಅದರ ಹೆಸರು ಜೀವಬಾಧ್ಯರ ಪುಸ್ತಕ. ಅದರಲ್ಲಿ ಲೆಕ್ಕ ಇಲ್ಲ, ಹೆಸರುಗಳಿವೆ. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ನ್ಯಾಯಾಧಿಪತಿಯಾಗಿ ಕೂರುವವನು ಒಮ್ಮೆ ರೋಮಿನ ಅಧಿಪತಿ ಪಿಲಾತನ ಮುಂದೆ ಕೈ ಕಟ್ಟಿಸಿಕೊಂಡು ನಿಂತವನು. ಸುಳ್ಳು ಸಾಕ್ಷಿ ಅಂದರೆ ಏನು, ತಪ್ಪು ತೀರ್ಪು ಅಂದರೆ ಏನು ಎಂದು ಮೈಮೇಲೆ ತಿಳಿದವನು.

ದಿನ ಯಾವುದು? ಲಕ್ಷಣ ಎಲ್ಲಾ ಕಾಣ್ತಾ ಇದೆಯಲ್ವಾ?

ಆ ದಿನ ಮತ್ತು ಗಳಿಗೆ ತಂದೆಗೆ ಮಾತ್ರ ಗೊತ್ತು, ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಎಂದು ಯೇಸುವೇ ಹೇಳಿದ್ದಾನೆ. ಹೀಗಿರುವಾಗ ದಿನಾಂಕ ಹೇಳುವವರು ಯಾರೇ ಆಗಲಿ, ನಂಬಬೇಡಿ.

ಅಮೆರಿಕದ ವಿಲಿಯಂ ಮಿಲ್ಲರ್ ಎಂಬವರ ಬೋಧನೆ ನಂಬಿದ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. ಕೆಲವರು ಬೆಳೆಯನ್ನೂ ಕೊಯ್ಯದೆ ಬಿಟ್ಟಿದ್ದರು. ಬೆಳಗಾಯಿತು, ಏನೂ ಆಗಲಿಲ್ಲ. ಆ ದಿನವನ್ನು ಚರಿತ್ರೆಯಲ್ಲಿ 'ಮಹಾ ನಿರಾಶೆ' ಎನ್ನುತ್ತಾರೆ. 2011ರ ಮೇ 21 ಎಂದು ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೋದಲ್ಲಿ ಸಾರಿದರು. ಅದೂ ಹೋಯಿತು. ನಷ್ಟವಾಗಿದ್ದು ನಂಬಿದ ಬಡವರಿಗೆ. ಯಾರಾದರೂ ನಿಮ್ಮ ಮನೆಗೆ ಬಂದು, ಕಾಲ ಹತ್ತಿರ ಬಂತು, ತೋಟ ಮಾರಿ ಕಾಣಿಕೆ ಕೊಡಿ ಎಂದರೆ ಕಾಗದಪತ್ರ ಎತ್ತಿ ಒಳಗಿಡಿ.

ಯುದ್ಧ, ಭೂಕಂಪ, ಬರ ಇವೆಲ್ಲ ಲಕ್ಷಣ ಅಲ್ವಾ ಎಂದರೆ, ಅವು ಆಗುತ್ತವೆ, ಆದರೆ ಇದು ಇನ್ನೂ ಅಂತ್ಯವಲ್ಲ, ಹೆದರಬೇಡಿ ಎಂದೇ ಯೇಸು ಅವುಗಳನ್ನು ಹೇಳಿದ್ದು. ಕಳ್ಳ ರಾತ್ರಿ ಬಂದ ಹಾಗೆ ಆ ದಿನ ಬರುತ್ತದೆ ಎಂದು ಪೌಲನು ಬರೆದ. ಕಳ್ಳ ಹೇಳಿ ಬರುವುದಿಲ್ಲ.

ಮಕ್ಕಳಿಗೆ ಇದನ್ನೆಲ್ಲ ಹೇಳಬೇಕಾ? ನನ್ನ ಮಗಳು ಪಾಠ ಕೇಳಿ ಬಂದು ರಾತ್ರಿ ಹೆದರ್ತಾಳೆ.

ಈ ತಾಯಿ ಕೇಳಿದ್ದು ನನ್ನ ಪಾಠದ ಬಗ್ಗೆಯೇ. ಜುಲೈ ತಿಂಗಳು, ಮೂರು ದಿನದಿಂದ ಬಿಡದ ಮಳೆ, ಕರೆಂಟಿಲ್ಲ. ಗುಡುಗಿದಾಗಲೆಲ್ಲ ಮಗು ಕಂಬಳಿಯೊಳಗಿಂದ "ಅಮ್ಮಾ, ಬಂದ್ನಾ?" ಎಂದು ಕೇಳುತ್ತಿತ್ತಂತೆ. ಅದನ್ನು ಕೇಳಿ ನನಗೆ ಊಟ ಸೇರಲಿಲ್ಲ. ಬೆಂಕಿ, ಕತ್ತಲೆ ಎಂದು ನಾನು ಜೋರು ದನಿಯಲ್ಲಿ ಹೇಳಿದ್ದೆ. ಮಕ್ಕಳು ಗಲಾಟೆ ಮಾಡದೆ ಕೂತಿದ್ದರು. ಪಾಠ ಚೆನ್ನಾಯಿತು ಅಂದುಕೊಂಡಿದ್ದೆ.

ಈಗ ನಾನು ಮಕ್ಕಳಿಗೆ ಹೇಳುವುದು ಹೀಗೆ. ಶಾಲೆಯಲ್ಲಿ ದೊಡ್ಡ ಹುಡುಗ ನಿನ್ನ ಪೆನ್ಸಿಲ್ ಕಿತ್ತುಕೊಂಡ, ಯಾರೂ ನೋಡಲಿಲ್ಲ, ನೀನು ಹೇಳಿದರೂ ಯಾರೂ ನಂಬಲಿಲ್ಲ. ದೇವರು ನೋಡಿದ್ದಾನೆ. ಒಂದು ದಿನ ಆತನು ನಿಜ ಏನೆಂದು ಎಲ್ಲರ ಮುಂದೆ ಹೇಳುತ್ತಾನೆ. ನೀನೇ ಪೆನ್ಸಿಲ್ ಕಿತ್ತುಕೊಂಡಿದ್ದರೆ? ಈಗಲೇ ಹೋಗಿ ಕೊಟ್ಟುಬಿಡು. ಏಳು ವರ್ಷದ ಮಗುವಿಗೆ ಇಷ್ಟು ಸಾಕು. ನಮಗೂ ಬಹುಪಾಲು ಇಷ್ಟೇ ಸಾಕು.

ದೇವರು ಪ್ರೀತಿ ಅಂತೀರಿ. ಪ್ರೀತಿ ಇದ್ದವನು ತೀರ್ಪು ಯಾಕೆ ಮಾಡ್ತಾನೆ?

ನನ್ನನ್ನು ಯಾರಾದರೂ ಈ ವಿಷಯಕ್ಕೆ ಒಂದೇ ಪ್ರಶ್ನೆ ಕೇಳಬಹುದು ಎಂದರೆ ಇದನ್ನೇ ಕೇಳಲಿ.

1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಮುಂದಾಳು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಬುಡದಲ್ಲಿದ್ದದ್ದು ಒಂದು ಕೊಳಗ, ಭತ್ತ ಅಳೆಯುವ ಕೊಳಗ. ಗೇಣಿ ತೆಗೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು. ಮಳೆಯಲ್ಲಿ ಕೆಸರು ತುಳಿದು ಬೆಳೆದವನ ಕಣ್ಣೆದುರೇ ಅವನ ಭತ್ತ ಆ ಕೊಳಗದೊಳಗೆ ಹೋಗುತ್ತಿತ್ತು. ಅಂಥವನ ಹತ್ತಿರ ಹೋಗಿ, ದೇವರು ಪ್ರೀತಿ, ಆದ್ದರಿಂದ ಅಳತೆ ವಿಷಯ ಬಿಟ್ಟುಬಿಡು ಎಂದು ಹೇಳಿ ನೋಡಿ. ಅದು ಪ್ರೀತಿಯಾ?

ಕ್ರಿಸ್ತನಿಗಿಂತ ಏಳೂವರೆ ಶತಮಾನ ಹಿಂದೆ ಆಮೋಸ ಎಂಬ ಪ್ರವಾದಿ ಇದ್ದ. ಕುರಿ ಕಾಯುವವನು, ಅತ್ತಿಹಣ್ಣು ಕೀಳುವವನು. ಅವನು ಸಿಟ್ಟಾಗಿದ್ದೂ ಇದೇ ವಿಷಯಕ್ಕೆ. ಮಾರುವಾಗ ಅಳತೆ ಕಿರಿದು, ದುಡ್ಡು ತೂಗಿಸಿಕೊಳ್ಳುವಾಗ ಬಟ್ಟು ಹಿರಿದು, ತಕ್ಕಡಿಯಲ್ಲಿ ಮೋಸ. ಯೆಹೋವ ದೇವರು ಇವರ ಒಂದು ಕೆಲಸವನ್ನೂ ಮರೆಯುವುದಿಲ್ಲ ಎಂದು ಅವನು ಸಾರಿದ. ಆ ಮಾತು ಕೊಳಗದ ಒಡೆಯನಿಗೆ ಬೆದರಿಕೆ, ಭತ್ತದ ಒಡೆಯನಿಗೆ ಸಮಾಧಾನ. ಮಾತು ಒಂದೇ. ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಅದು ಬೇರೆ ಬೇರೆ ಕೇಳುತ್ತದೆ.

ಹಳೆ ಒಡಂಬಡಿಕೆಯ ಏಳನೇ ಪುಸ್ತಕಕ್ಕೆ ಕನ್ನಡ ಸತ್ಯವೇದದಲ್ಲಿ 'ನ್ಯಾಯಸ್ಥಾಪಕರು' ಎಂಬ ಹೆಸರಿದೆ. ಅನುವಾದಿಸಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಬರೀ ತೀರ್ಪು ಓದುವವರಲ್ಲ, ಬಿದ್ದುಹೋದ ನ್ಯಾಯವನ್ನು ಎತ್ತಿ ನಿಲ್ಲಿಸುವವರು. ಕೊನೆಯ ದಿನದ ನ್ಯಾಯಾಧಿಪತಿಯನ್ನೂ ನಾನು ಆ ಪದದಲ್ಲೇ ಅರ್ಥ ಮಾಡಿಕೊಳ್ಳುತ್ತೇನೆ.

## ಸಾವಿನ ಮನೆಯಲ್ಲಿ ಕೇಳುವವು

ನಮ್ಮ ಯಜಮಾನರು ಈಗ ಎಲ್ಲಿದ್ದಾರೆ? ಆ ದಿನದವರೆಗೂ ಕಾಯ್ತಾ ಇರಬೇಕಾ?

ಯೇಸು ಪಕ್ಕದ ಶಿಲುಬೆಯ ಕಳ್ಳನಿಗೆ, ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂದ. ಈ ಹೊತ್ತೇ. ಹಾಗಾಗಿ ಕ್ರಿಸ್ತನಲ್ಲಿ ಕಣ್ಣು ಮುಚ್ಚಿದವರು ಕ್ರಿಸ್ತನ ಹತ್ತಿರ ಇದ್ದಾರೆ ಎಂದು ನಾವು ನಂಬುತ್ತೇವೆ. ದೇಹ ಏಳುವುದು, ಎಲ್ಲರೆದುರು ತೀರ್ಪು ಹೊರಬೀಳುವುದು ಕೊನೆಯ ದಿನ.

ಕಥೋಲಿಕರು ಇದನ್ನು ಇನ್ನೂ ಬಿಡಿಸಿ ಹೇಳುತ್ತಾರೆ. ಸತ್ತ ಕೂಡಲೇ ಒಬ್ಬೊಬ್ಬರಿಗೂ ಒಂದು ತೀರ್ಪು, ಕೊನೆಗೆ ಎಲ್ಲರಿಗೂ ಸೇರಿ ಒಂದು. ನಡುವೆ ಶುದ್ಧವಾಗಬೇಕಾದವರಿಗಾಗಿ ಪ್ರಾರ್ಥನೆ ಮಾಡುತ್ತಾರೆ. ನವೆಂಬರ್ 2ರ ಮೃತರ ದಿನ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ, ಹೂವಿಡುವುದು ಅದಕ್ಕೇ. ನಾವು ಸತ್ತವರಿಗಾಗಿ ಹಾಗೆ ಪ್ರಾರ್ಥಿಸುವುದಿಲ್ಲ. ಆದರೂ ಆ ಸಂಜೆ ಅವರ ಸಮಾಧಿ ಸ್ಥಳದ ಬೇಲಿ ಹತ್ತಿರ ಹಾದುಹೋದರೆ ನಾನು ನಿಂತು ನೋಡದೆ ಹೋದವನಲ್ಲ.

ಹೊಳೆಯಲ್ಲಿ ಕೊಚ್ಚಿಹೋದ ನಮ್ಮಣ್ಣನ ದೇಹ ಸಿಗಲೇ ಇಲ್ಲ. ಅವನು ಎದ್ದು ಬರ್ತಾನಾ?

ಬರುತ್ತಾನೆ. ಸಮುದ್ರವು ತನ್ನೊಳಗಿದ್ದ ಸತ್ತವರನ್ನು ಒಪ್ಪಿಸಿತು ಎಂದು ಪ್ರಕಟನೆ 20ರಲ್ಲಿ ಬರೆದಿದೆ. ಸಮುದ್ರವೇ ಒಪ್ಪಿಸಿದರೆ ನಮ್ಮ ಹೊಳೆ ಇಟ್ಟುಕೊಳ್ಳುತ್ತದಾ? ಸುಟ್ಟವರಿಗೂ ಇದೇ ಉತ್ತರ.

ಹುಟ್ಟಿದ ಮೂರೇ ದಿನಕ್ಕೆ ಹೋದ ಕೂಸಿಗೂ ತೀರ್ಪಾ?

ಮಕ್ಕಳನ್ನು ನನ್ನ ಹತ್ತಿರ ಬಿಡಿ, ಅಡ್ಡಿಮಾಡಬೇಡಿ ಎಂದು ಶಿಷ್ಯರ ಮೇಲೆ ಸಿಟ್ಟಾದವನೇ ಅಲ್ಲಿ ಕೂತಿರುವವನು. ಆ ಕೂಸಿನ ಬಗ್ಗೆ ಹೆದರಬೇಡಿ ಅಮ್ಮ.

ನಮ್ಮಜ್ಜಿ ಯೇಸು ಹೆಸರನ್ನೇ ಕೇಳಿರಲಿಲ್ಲ. ಅವಳ ಗತಿ ಏನು?

ಯಾರ ಅಜ್ಜಿಯ ತೀರ್ಪನ್ನೂ ಹೇಳುವ ಅಧಿಕಾರ ನನಗಿಲ್ಲ, ಯಾವ ಬೋಧಕರಿಗೂ ಇಲ್ಲ. ಸತ್ಯವೇದ ಕೊಟ್ಟಿರುವ ಹಿಡಿತ ಮಾತ್ರ ಹೇಳುತ್ತೇನೆ. ಯೆಹೂದ್ಯರಿಗೆ ಕೊಟ್ಟ ಧರ್ಮಶಾಸ್ತ್ರ ಇಲ್ಲದ ಜನರಲ್ಲೂ ಅದರ ಕೆಲಸ ಹೃದಯದಲ್ಲಿ ಬರೆದಿದೆ, ಅವರ ಮನಸ್ಸಾಕ್ಷಿ ಅದಕ್ಕೆ ಸಾಕ್ಷಿ ಎಂದು ರೋಮಾಪುರದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿದೆ. ಯಜಮಾನನ ಇಷ್ಟ ತಿಳಿದೂ ಮಾಡದ ಆಳಿಗೆ ಜಾಸ್ತಿ ಏಟು, ತಿಳಿಯದವನಿಗೆ ಕಡಿಮೆ ಎಂದು ಯೇಸು ಹೇಳಿದ. ದೇವರು ನಾಶಮಾಡಲಿದ್ದ ಸೊದೋಮ್ ಪಟ್ಟಣದ ವಿಷಯಕ್ಕೆ ಅಬ್ರಹಾಮನು ದೇವರ ಜೊತೆ ವಾದಕ್ಕೇ ನಿಂತು, ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯ ನಡೆಸದೆ ಇರುತ್ತಾನಾ ಎಂದು ಕೇಳಿದ. ದೇವರು ಅವನನ್ನು ಗದರಲಿಲ್ಲ.

ರಕ್ಷಣೆ ಕ್ರಿಸ್ತನಿಂದಲೇ ಎಂದು ನಾನು ನಂಬುತ್ತೇನೆ. ಆ ಕ್ರಿಸ್ತನ ಕೈ ಎಷ್ಟು ದೂರ ಚಾಚುತ್ತದೆ ಎಂದು ಅಳೆಯುವುದು ನನ್ನ ಕೆಲಸವಲ್ಲ. ಹಸಿದವರಿಗೆ ಒಂದು ಹಿಡಿ ಅನ್ನ ಹಾಕದೆ ಉಣ್ಣದ ಅಜ್ಜಿ ನಿಮ್ಮವಳಾಗಿದ್ದರೆ, ಮತ್ತಾಯ 25 ಓದಿ. ಅಲ್ಲಿ ಬಲಗಡೆ ನಿಂತವರು, ಸ್ವಾಮೀ, ನಿನ್ನನ್ನು ಯಾವಾಗ ನೋಡಿದೆವು ಎಂದು ಬೆರಗಾಗುತ್ತಾರೆ. ತಾವು ಯಾರಿಗೆ ಅನ್ನ ಹಾಕಿದ್ದೆವು ಎಂದು ಅವರಿಗೇ ಗೊತ್ತಿರಲಿಲ್ಲ.

## ಸ್ವಲ್ಪ ಆಳದವು

ನಂಬಿಕೆಯಿಂದಲೇ ರಕ್ಷಣೆ ಅಂತೀರಿ. ಮತ್ತೆ ಕೆಲಸದ ಲೆಕ್ಕ ಯಾಕೆ ಕೇಳ್ತಾನೆ?

ಎರಡೂ ಒಂದೇ ಪುಸ್ತಕದಲ್ಲಿದೆ, ಬರೆದ ಕೈಯೂ ಒಂದೇ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧ ನಿರ್ಣಯ ಇಲ್ಲ ಎಂದು ಬರೆದ ಪೌಲನೇ, ನಾವೆಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕು ಎಂದೂ ಬರೆದ. ನಾನು ತಿಳಿದ ಮಟ್ಟಿಗೆ ಹೇಳುತ್ತೇನೆ. ಕೆಲಸಗಳು ನಮ್ಮನ್ನು ಮಕ್ಕಳನ್ನಾಗಿ ಮಾಡುವುದಿಲ್ಲ. ಮಕ್ಕಳು ಹೌದೋ ಅಲ್ಲವೋ ಎಂದು ತೋರಿಸುತ್ತವೆ. ಬೇರು ಹಿಡಿದ ಸಸಿ ಎಲೆ ಬಿಡಲೇಬೇಕು.

ನನ್ನದೇ ಒಂದು ಲೆಕ್ಕ ಹೇಳುತ್ತೇನೆ. ಮದುವೆಗೆ ಮುಂಚೆ, ಕೊಯ್ಲಿನ ಕಾಲ. ರಾತ್ರಿ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಅಳೆಯುವ ಕೆಲಸ ನನ್ನದು. ತುಂಬಿದ ಡಬ್ಬವನ್ನು ನೆಲಕ್ಕೆ ಎರಡು ಸಲ ಕುಕ್ಕಿದರೆ ಅಡಿಕೆ ಕೆಳಗಿಳಿಯುತ್ತದೆ, ಮೇಲೆ ಇನ್ನೆರಡು ಬೊಗಸೆ ಹಿಡಿಯುತ್ತದೆ. ನಾನು ಕುಕ್ಕುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ವಯಸ್ಸಾದ ಒಬ್ಬ ಅಮ್ಮ ಮಾತ್ರ ಕತ್ತಿ ನಿಲ್ಲಿಸಿ ಡಬ್ಬವನ್ನೇ ನೋಡುತ್ತಿದ್ದರು. ಅವರ ಹೆಬ್ಬೆರಳು ಅಡಿಕೆ ಚೊಗರಿಗೆ ಕಪ್ಪಾಗಿತ್ತು.

ಎಷ್ಟೋ ವರ್ಷ ಆದಮೇಲೆ ಲೂಕನ ಸುವಾರ್ತೆಯ ಆರನೇ ಅಧ್ಯಾಯ ಪಾಠಕ್ಕೆ ಬಂತು. ಜಡಿದು, ಅಲ್ಲಾಡಿಸಿ, ಹೊರಚೆಲ್ಲುವ ಹಾಗೆ ಅಳೆದು ನಿಮ್ಮ ಮಡಿಲಿಗೆ ಹಾಕುವರು, ನೀವು ಅಳೆಯುವ ಅಳತೆಯಿಂದಲೇ ನಿಮಗೂ ಅಳೆಯುವರು ಎಂಬ ಮಾತು. ಓದುತ್ತಾ ಓದುತ್ತಾ ದನಿ ನಿಂತಿತು. ಯೇಸು ಜಡಿಯಲು ಹೇಳಿದ್ದು ಕೊಡುವಾಗ. ನಾನು ಜಡಿದಿದ್ದು ತೆಗೆದುಕೊಳ್ಳುವಾಗ.

ಆ ಅಮ್ಮನ ಮನೆ ಹುಡುಕಿಕೊಂಡು ಹೋದೆ. ತೀರಿಹೋಗಿದ್ದರು. ಲೂಕನ ಸುವಾರ್ತೆಯಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದಿದ್ದ, ನಾನೂ ಹಾಗೇ ಲೆಕ್ಕ ಹಾಕಿ ತೆಗೆದುಕೊಂಡು ಹೋಗಿದ್ದೆ. ಮಗನ ಕೈಗೆ ಕೊಟ್ಟೆ. ಅವನು ತುಂಬಾ ಹೊತ್ತು ಸುಮ್ಮನಿದ್ದ. "ಅಮ್ಮ ಹೇಳ್ತಿದ್ರು" ಅಂದ. ಅಷ್ಟೇ ಅಂದ. ನನ್ನ ಪಾಪ ಕ್ಷಮೆಯಾಗಿದೆ ಎಂದು ನಾನು ನಂಬುತ್ತೇನೆ. ಆ ಡಬ್ಬ ಆ ದಿನ ನನ್ನ ಮುಂದೆ ಬರುತ್ತದೆ ಎಂದೂ ನಂಬುತ್ತೇನೆ.

ಚರ್ಚಿಗೆ ತಪ್ಪದೆ ಹೋಗೋರಿಗೆ ಅಲ್ಲಿ ರಿಯಾಯಿತಿ ಇರುತ್ತಾ?

ಇಲ್ಲ. ನ್ಯಾಯವಿಚಾರಣೆ ದೇವರ ಮನೆಯಿಂದಲೇ ಶುರುವಾಗುತ್ತದೆ ಎಂದು ಪೇತ್ರನು ಬರೆದ. ಕರ್ತನೇ, ಕರ್ತನೇ ಎಂದ ಅನೇಕರಿಗೆ ನಾನು ನಿಮ್ಮನ್ನು ಅರಿಯೆ ಎಂದು ಹೇಳುವೆನು ಎಂದು ಯೇಸುವೇ ಎಚ್ಚರಿಸಿದ. ನಾವು ಸಾಲಿನಲ್ಲಿ ಮುಂದೆ ನಿಂತಿದ್ದೇವೆ, ಅಷ್ಟೇ.

ಕೊಲೆ ಮಾಡಿದವನು ಕೊನೇ ಗಳಿಗೆಯಲ್ಲಿ ಕ್ಷಮೆ ಕೇಳಿದ್ರೆ ಮುಗೀತಾ? ಸತ್ತವನಿಗೆ ನ್ಯಾಯ ಎಲ್ಲಿ?

ಮಗನನ್ನು ಕಳೆದುಕೊಂಡ ಒಬ್ಬ ತಂದೆ ಇದನ್ನು ಕೇಳಿದರು. ಅವರೆದುರು ನನಗೆ ಬಾಯಿ ಬರಲಿಲ್ಲ. ಆಮೇಲೆ ಯೋಚಿಸಿ ಬರೆದ ಉತ್ತರ ಇದು.

ಶಿಲುಬೆಯ ಕಳ್ಳ ನೆನಪಿಸಿಕೋ ಎಂದು ಬೇಡುವ ಮೊದಲು ಇನ್ನೊಂದು ಮಾತು ಆಡಿದ್ದಾನೆ. ನಮಗಾಗುತ್ತಿರುವುದು ನ್ಯಾಯವೇ, ಮಾಡಿದ್ದಕ್ಕೆ ತಕ್ಕದ್ದನ್ನೇ ಪಡೆಯುತ್ತಿದ್ದೇವೆ ಅಂದ. ಕ್ಷಮೆ ಅಂದರೆ ಕೊಲೆಯನ್ನು ಬಟ್ಟೆ ಹಾಕಿ ಮುಚ್ಚುವುದಲ್ಲ. ಅದನ್ನು ಕೊಲೆ ಎಂದೇ ಕರೆದು, ತೀರ್ಪು ಸರಿ ಎಂದು ಒಪ್ಪಿದವನಿಗೆ ಸಿಗುವುದು. ತಪ್ಪಿಸಿಕೊಳ್ಳಲೆಂದು ಆಡಿದ ಮಾತು ಮನುಷ್ಯರ ಕಿವಿಗೆ ಕ್ಷಮೆ ಬೇಡಿದ ಹಾಗೆ ಕೇಳಬಹುದು, ಹೃದಯ ನೋಡುವವನಿಗೆ ಕೇಳುವುದಿಲ್ಲ.

ಸತ್ತವನ ದನಿಯೂ ಅಡಗಿಹೋಗಿಲ್ಲ. ಹೇಬೆಲನ ರಕ್ತ ನೆಲದಿಂದ ಕೂಗುತ್ತಿದೆ ಎಂದು ದೇವರು, ತಮ್ಮನನ್ನು ಕೊಂದ ಕಾಯಿನನಿಗೆ ಹೇಳಿದ. ಪ್ರಕಟನೆ 6ರಲ್ಲಿ ಕೊಲೆಯಾದವರು, ಒಡೆಯನೇ, ಎಷ್ಟರವರೆಗೆ ಎಂದು ಕೂಗುತ್ತಾರೆ. ದೇವರು ಅವರ ಬಾಯಿ ಮುಚ್ಚಿಸುವುದಿಲ್ಲ. ಒಬ್ಬೊಬ್ಬರಿಗೂ ಬಿಳಿ ನಿಲುವಂಗಿ ಕೊಟ್ಟು ಇನ್ನು ಸ್ವಲ್ಪ ಕಾಲ ಎನ್ನುತ್ತಾನೆ. ಆ ತಂದೆಗೆ ನಾನು ಇಷ್ಟನ್ನೇ ಬರೆದು ಕಳಿಸಿದೆ. ನೀವು ಕೂಗುವುದನ್ನು ನಿಲ್ಲಿಸಬೇಡಿ ಎಂದೂ ಬರೆದೆ.

ನರಕದ ಬೆಂಕಿ ಎಂದೆಂದಿಗೂ ಉರಿಯುತ್ತಾ?

ಕ್ರೈಸ್ತರಲ್ಲಿ ಮೂರು ಅಭಿಪ್ರಾಯ ಇದೆ. ಶಿಕ್ಷೆಗೆ ಕೊನೆಯಿಲ್ಲ ಎಂಬುದು ಹಿಪ್ಪೋದ ಅಗಸ್ಟೀನರಿಂದ ಇಲ್ಲಿಯವರೆಗೆ ಬಹುಪಾಲು ಸಭೆಗಳು ಹೇಳಿಕೊಂಡು ಬಂದದ್ದು. ಕೆಟ್ಟದ್ದು ಸುಟ್ಟು ಇಲ್ಲವಾಗುತ್ತದೆ, ಪ್ರಕಟನೆಯ 'ಬೆಂಕಿಯ ಕೆರೆ' ಎರಡನೇ ಸಾವು ಎಂದಷ್ಟೇ ಅರ್ಥ ಎಂಬುದು ಎರಡನೆಯದು. ಕೊನೆಗೆ ಎಲ್ಲರೂ ದೇವರಿಗೆ ತಿರುಗುತ್ತಾರೆ ಎಂಬುದು ಮೂರನೆಯದು. ಮೂರನೇ ಶತಮಾನದ ಓರಿಗೆನನ ಹೆಸರು ಇದಕ್ಕೆ ಅಂಟಿಕೊಂಡಿದೆ, ಸಭೆ ಅದನ್ನು ಒಪ್ಪಲಿಲ್ಲ. ನಾನು ಮೊದಲನೆಯದನ್ನು ಕಲಿತು ಬೆಳೆದವನು, ಅದನ್ನು ಬಿಟ್ಟಿಲ್ಲ.

ಆದರೆ ಯೇಸು ನರಕದ ಮಾತು ಯಾರಿಗೆ ಹೇಳಿದ ನೋಡಿ. ಹೆಚ್ಚಾಗಿ ದೇವಭಕ್ತರು ಅನ್ನಿಸಿಕೊಂಡವರಿಗೆ, ಹೊಟ್ಟೆ ತುಂಬಿದವರಿಗೆ. ಐಶ್ವರ್ಯವಂತ ಮತ್ತು ಲಾಜರನ ಕಥೆಯಲ್ಲಿ ಬಾಗಿಲಲ್ಲಿ ಬಿದ್ದ ಭಿಕ್ಷುಕನಿಗೆ ಹೆಸರಿದೆ, ಐಶ್ವರ್ಯವಂತನಿಗೆ ಹೆಸರಿಲ್ಲ. ಯೇಸು ಹೇಳಿದ ಸಾಮ್ಯ ಕಥೆಗಳಲ್ಲೆಲ್ಲ, ಅಬ್ರಹಾಮನಂಥ ಹಿರಿಯರನ್ನು ಬಿಟ್ಟರೆ, ಹೆಸರಿರುವ ಮನುಷ್ಯ ಈ ಭಿಕ್ಷುಕ ಒಬ್ಬನೇ. ಪಕ್ಕದ ಮನೆಯವರನ್ನು ಹೆದರಿಸಲು ನರಕದ ಮಾತು ಎತ್ತುವವರು ಇದನ್ನೊಮ್ಮೆ ನಿಧಾನಕ್ಕೆ ಓದಬೇಕು.

ಎಲ್ಲಾ ಆ ದಿನ ಸರಿಹೋಗುತ್ತೆ ಅಂದ್ಮೇಲೆ ಈಗ ಕೋರ್ಟು, ಹೋರಾಟ ಅಂತ ಯಾಕೆ ಒದ್ದಾಡಬೇಕು?

ಶರಾವತಿ ಹಿನ್ನೀರಿನ ಮುಳುಗಡೆಯವರು ಮನೆ, ಗದ್ದೆ ಬಿಟ್ಟು ಎದ್ದುಬಂದು ಅರವತ್ತು ವರ್ಷ ಆಯಿತು. ಈಗಲೂ ಹಕ್ಕುಪತ್ರಕ್ಕೆ ಅಲೆಯುವ ಕುಟುಂಬಗಳಿವೆ. ಅವರಿಗೆ 'ಪರಲೋಕದಲ್ಲಿ ಸಿಗುತ್ತೆ' ಎಂದು ಹೇಳುವ ಧೈರ್ಯ ನನಗಿಲ್ಲ, ಸತ್ಯವೇದವೂ ಹಾಗೆ ಹೇಳಲು ಬಿಡುವುದಿಲ್ಲ. ನ್ಯಾಯವು ಹೊಳೆಯಂತೆ ಹರಿಯಲಿ ಎಂದು ಆಮೋಸ ಕೂಗಿದ್ದು ಅವತ್ತಿನ ಊರಿಗೆ. ಲೂಕ 18ರ ವಿಧವೆ ಕೆಟ್ಟ ನ್ಯಾಯಾಧಿಪತಿಯ ಬಾಗಿಲನ್ನು ಬಿಡದೆ ಬಡಿದಳು. ಯೇಸು ಅವಳನ್ನು ಹೊಗಳಿದ ಹಾಗೇ ಕಥೆ ಹೇಳಿದ.

ಒಂದು ಮಾತ್ರ ಆ ದಿನಕ್ಕೆ ಬಿಡಬೇಕು, ಅದು ಸೇಡು. ಸೇಡು ನನ್ನ ಕೆಲಸ ಎಂದು ದೇವರು ಹೇಳಿದ್ದಾನೆ. ಅರ್ಜಿ ಬರೆಯುವುದು, ಸಾಕ್ಷಿ ಹೇಳುವುದು ನಮ್ಮ ಕೆಲಸ.

ಮರ, ಹೊಳೆ, ಪ್ರಾಣಿಗಳಿಗೂ ಆ ದಿನ ಏನಾದ್ರೂ ಇದೆಯಾ?

ಇದೆ. ಲೋಕನಾಶಕರನ್ನು ನಾಶಮಾಡುವ ಸಮಯ ಬಂತು ಎಂಬ ಮಾತು ಪ್ರಕಟನೆ 11ರಲ್ಲಿದೆ. ಇನ್ನೂ ಚೆಂದದ್ದು ಕೀರ್ತ‌ನೆಗಳಲ್ಲಿದೆ. ದೇವರು ಭೂಮಿಗೆ ನ್ಯಾಯತೀರಿಸಲು ಬರುತ್ತಾನೆ ಎಂದಾಗ 98ನೇ ಕೀರ್ತನೆಯಲ್ಲಿ ನದಿಗಳು ಚಪ್ಪಾಳೆ ಹೊಡೆಯುತ್ತವೆ. 96ರಲ್ಲಿ ವನದ ಎಲ್ಲಾ ಮರಗಳು ಹರ್ಷದಿಂದ ಹಾಡುತ್ತವೆ. ಹೆದರುವುದಿಲ್ಲ, ಹಾಡುತ್ತವೆ.

ಒಂದು ಬೇಸಿಗೆಯಲ್ಲಿ ಸಂಡೇ ಸ್ಕೂಲ್ ಮಕ್ಕಳನ್ನು ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಕರೆದುಕೊಂಡು ಹೋಗಿದ್ದೆ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಹಿನ್ನೀರು ಇಳಿದಾಗ ಅವತ್ತು ಮುಳುಗಿದ ಕಾಡಿನ ಬೊಡ್ಡೆಗಳು ಕರ್ರಗೆ ಮೇಲೆ ಕಾಣುತ್ತವೆ, ಕೊಂಬೆಯಿಲ್ಲ, ಎಲೆಯಿಲ್ಲ. ದಡದಲ್ಲಿ ಕೂತು 96ನೇ ಕೀರ್ತನೆ ಓದಿಸಿದೆ. ಗುಡುಗಿಗೆ ಹೆದರುತ್ತಿದ್ದ ಹುಡುಗಿ ಅಷ್ಟು ಹೊತ್ತಿಗೆ ಆರನೇ ಕ್ಲಾಸು. ನೀರಿನ ಕಡೆ ಕೈ ತೋರಿಸಿ, "ಸಾರ್, ಇವೂ ಹಾಡ್ತಾವಾ?" ಎಂದು ಕೇಳಿದಳು.

ನಾನು ಪುಸ್ತಕ ತೆರೆದು ಆ ಸಾಲನ್ನು ಇನ್ನೊಮ್ಮೆ ನೋಡಿದೆ. "ಎಲ್ಲಾ ಮರಗಳು ಅಂತ ಇದೆ" ಎಂದೆ.

ಅವಳು ಚಪ್ಪಲಿ ಬಿಚ್ಚಿಟ್ಟು ನೀರಿನಂಚಿಗೆ ಹೋಗಿ ಬೊಡ್ಡೆಗಳನ್ನು ಎಣಿಸತೊಡಗಿದಳು.